ರೂಟ್ಸ್‌ಟೆಕ್‌ಗೆ ಹೋಗುವವರು, ಅಲ್ಲಿ ವಾಲಂಟಿಯರ್ ಆಗುವವರು: ತಯಾರಿ ಹೇಗಿರಬೇಕು?

ಬೇರುಹುಡುಕಿ

ಮೊದಲೇ ಹೇಳಿಬಿಡುತ್ತೇನೆ, ಇದು ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರದ ವಿಷಯ ಅಲ್ಲ. ಪೌತಿ ಖಾತೆ, ಅಫಿಡವಿಟ್ಟು ಅಂತ ಯಾರೂ ಇಲ್ಲಿ ಕೇಳಬೇಡಿ.

ಕೇಳುತ್ತಿರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಪ್ರತಿವರ್ಷ ನಡೆಯುವ ರೂಟ್ಸ್‌ಟೆಕ್ ಸಮ್ಮೇಳನದ ಬಗ್ಗೆ. ಮನೆತನದ ಇತಿಹಾಸ ಹುಡುಕುವವರ ಪಾಲಿಗೆ ಅದೇ ದೊಡ್ಡ ಜಾತ್ರೆ. ಮೂರು ಪ್ರಶ್ನೆ ಇವೆ. ಆನ್‌ಲೈನಿನಲ್ಲಿ ಪುಕ್ಕಟೆ ನೋಡಲು ಸಿಗುವಾಗ ದುಡ್ಡು ಕೊಟ್ಟು ಅಲ್ಲಿಗೇ ಹೋಗುವುದರಿಂದ ಏನು ಸಿಗುತ್ತದೆ? ವಾಲಂಟಿಯರ್ ಆದರೆ ಗೋಷ್ಠಿಗಳು ಕೈತಪ್ಪುತ್ತವೆಯೇ? ಕರ್ನಾಟಕದ ಮೂಲದವರಿಗೆ ಅಲ್ಲಿ ನಿಜವಾಗಿ ದಾಖಲೆ ಏನಾದರೂ ಇದೆಯೇ, ಅಥವಾ ಬರೀ ಐರಿಷ್, ಇಂಗ್ಲಿಷ್ ಅಜ್ಜಂದಿರ ಕಥೆಯೇ?

ಉಪ್ಪಿನಕೆರೆ

ಮೊದಲ ಪ್ರಶ್ನೆಗೆ ಉತ್ತರ: ಸಮ್ಮೇಳನದ ನೆಪದಲ್ಲಿ ಪಕ್ಕದ ಗ್ರಂಥಾಲಯಕ್ಕೆ ಹೋಗಿ. ಮಿಕ್ಕಿದ್ದೆಲ್ಲ ಉಪ್ಪಿನಕಾಯಿ.

ಸ್ವಲ್ಪ ಹಿನ್ನೆಲೆ. ರೂಟ್ಸ್‌ಟೆಕ್ ಶುರುವಾದದ್ದು 2011ರಲ್ಲಿ. ನಡೆಸುವವರು ಮನೆತನಗಳ ದಾಖಲೆ ಕೂಡಿಡುವ ಫ್ಯಾಮಿಲಿಸರ್ಚ್ ಸಂಸ್ಥೆ. ಈ ಸಂಸ್ಥೆಯ ಬೇರು 1894ರ ಜೀನಿಯಲಾಜಿಕಲ್ ಸೊಸೈಟಿ ಆಫ್ ಯೂಟಾದಲ್ಲಿದೆ. 2021 ಮತ್ತು 2022ರಲ್ಲಿ ಕೋವಿಡ್ ಕಾರಣಕ್ಕೆ ಪೂರ್ತಿ ಆನ್‌ಲೈನ್ ಆಯಿತು. 2023ರಿಂದ ಎರಡೂ ರೀತಿ: ಸಾಲ್ಟ್ ಪ್ಯಾಲೆಸ್ ಸಭಾಂಗಣದಲ್ಲಿ ಪಾಸ್ ಕೊಂಡು ಕೂರುವವರು, ಮನೆಯಲ್ಲೇ ಉಚಿತವಾಗಿ ನೋಡುವವರು. ಗುರುವಾರದಿಂದ ಶನಿವಾರ, ಮೂರು ದಿನ. 2023ರಲ್ಲಿ ಮಾರ್ಚ್ 2–4, 2024ರಲ್ಲಿ ಫೆಬ್ರವರಿ 29–ಮಾರ್ಚ್ 2, 2025ರಲ್ಲಿ ಮಾರ್ಚ್ 6–8. ಆನ್‌ಲೈನ್ ಗೋಷ್ಠಿಗಳ ರೆಕಾರ್ಡಿಂಗ್ ಆಮೇಲೂ ಉಳಿದಿರುತ್ತದೆ, ಹಳೇ ವರ್ಷಗಳದ್ದೂ ಸಿಗುತ್ತದೆ.

ಹಾಗಾಗಿ ಲೆಕ್ಕ ಸುಲಭ. ಮುಂದೆ ಯಾವತ್ತಾದರೂ ಮನೆಯಲ್ಲಿ ಕೂತು ನೋಡಬಹುದಾದ ಗೋಷ್ಠಿಗೆ ಅಲ್ಲಿನ ಒಂದು ಗಂಟೆಯನ್ನೂ ಕೊಡಬೇಡಿ. ವೇಳಾಪಟ್ಟಿ ಬಂದ ಕೂಡಲೇ ಗೋಷ್ಠಿಗಳನ್ನು ಎರಡು ಗುಂಪು ಮಾಡಿ: ಆನ್‌ಲೈನ್ ಬರುವಂಥವು, ಸಭಾಂಗಣದಲ್ಲಿ ಮಾತ್ರ ನಡೆಯುವಂಥವು. ಎರಡನೆಯ ಗುಂಪಿನಲ್ಲಿ ದಿನಕ್ಕೆ ಎರಡು ಆರಿಸಿಕೊಳ್ಳಿ, ಸಾಕು. ಟಿಪ್ಪಣಿ ಹಾಳೆಗಳನ್ನು ಮೊದಲೇ ಇಳಿಸಿಕೊಳ್ಳಿ. ಎಷ್ಟೋ ಗೋಷ್ಠಿಗಳ ತಿರುಳು ಆ ನಾಲ್ಕು ಪುಟದಲ್ಲೇ ಇರುತ್ತದೆ.

ಗ್ರಂಥಾಲಯ ಅಂದರೆ ಫ್ಯಾಮಿಲಿಸರ್ಚ್ ಲೈಬ್ರರಿ. 1985ರ ಕಟ್ಟಡ, ಐದು ಅಂತಸ್ತು. 2023ರವರೆಗೆ ಫ್ಯಾಮಿಲಿ ಹಿಸ್ಟರಿ ಲೈಬ್ರರಿ ಅಂತ ಹೆಸರಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಪ್ರವೇಶ ಉಚಿತ, ಸಮ್ಮೇಳನದ ಪಾಸ್ ಬೇಕಿಲ್ಲ. ಭಾನುವಾರ ಮುಚ್ಚಿರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಶನಿವಾರ ಸಮ್ಮೇಳನ ಮುಗಿಸಿಕೊಂಡು ಭಾನುವಾರ ಲೈಬ್ರರಿ ನೋಡೋಣ ಅಂತ ಟಿಕೆಟ್ ಮಾಡಿಸಿದವರು ಬಾಗಿಲು ನೋಡಿಕೊಂಡು ವಾಪಸ್ಸು. ಬರುವುದಾದರೆ ಸೋಮವಾರವೇ ಬನ್ನಿ. ಸೋಮ, ಮಂಗಳ, ಬುಧ ಲೈಬ್ರರಿಗೆ ಇಟ್ಟುಕೊಳ್ಳಿ. ಗುರುವಾರದ ಮೇಲೆ ಸಮ್ಮೇಳನದ ಜನವೆಲ್ಲ ಅಲ್ಲಿಗೂ ನುಗ್ಗುತ್ತದೆ, ಸಹಾಯಕರ ಮುಂದೆ ಸರದಿ ಬೆಳೆಯುತ್ತದೆ.

ಬೇರುಹುಡುಕಿ

ಆದರೆ ಲೈಬ್ರರಿಯ ಮೈಕ್ರೋಫಿಲ್ಮೆಲ್ಲ (ಹಳೇ ದಾಖಲೆಗಳನ್ನು ಚಿತ್ರ ತೆಗೆದಿಟ್ಟ ಫಿಲ್ಮ್ ಸುರುಳಿಗಳು) ಡಿಜಿಟಲ್ ಆಗಿದೆಯಲ್ಲ ಸರ್? ಮನೆಯಲ್ಲೇ ನೋಡಬಹುದಾದರೆ ಲೈಬ್ರರಿಗೂ ಯಾಕೆ?

ಉಪ್ಪಿನಕೆರೆ

ಆಗಿದೆ. ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಆದರೆ ಡಿಜಿಟಲ್ ಆದದ್ದೆಲ್ಲ ಮನೆಯಲ್ಲಿ ತೆರೆಯುವುದಿಲ್ಲ. ಕ್ಯಾಟಲಾಗಿನಲ್ಲಿ ಆ ದಾಖಲೆಯ ಬಲಕ್ಕೆ ಒಂದು ಚಿಕ್ಕ ಕ್ಯಾಮೆರಾ ಗುರುತು ಇರುತ್ತದೆ. ಬರೀ ಕ್ಯಾಮೆರಾ ಇದ್ದರೆ ಎಲ್ಲಿಂದಲಾದರೂ ನೋಡಬಹುದು. ಕ್ಯಾಮೆರಾ ಮೇಲೆ ಕೀಲಿಕೈ ಕೂತಿದ್ದರೆ ಕೆಲವು ಷರತ್ತು ಇದೆ ಅಂತ ಅರ್ಥ, ಹೆಚ್ಚಿನ ಸಲ ಫ್ಯಾಮಿಲಿಸರ್ಚ್ ಕೇಂದ್ರದಲ್ಲೋ ಸಹಯೋಗಿ ಗ್ರಂಥಾಲಯದಲ್ಲೋ ಕೂತೇ ನೋಡಬೇಕು. ಮೂಲ ದಾಖಲೆ ಯಾರ ಬಳಿ ಇದೆಯೋ ಅವರು ಹಾಕಿದ ಕರಾರು ಅದು.

ಹೊರಡುವ ಮೊದಲೇ ಕೂತು ಕೀಲಿಕೈ ಇರುವುದನ್ನೆಲ್ಲ ಪಟ್ಟಿ ಮಾಡಿಕೊಳ್ಳಿ. ಒಂದು ಸಾಲಿಗೆ ನಾಲ್ಕು ಅಂಕಣ ಸಾಕು: ಸುರುಳಿ ಸಂಖ್ಯೆ, ಚಿತ್ರಗುಚ್ಛದ (ಡಿಜಿಟಲ್ ಚಿತ್ರಗಳ ಕಂತೆಯ) ಸಂಖ್ಯೆ, ಅದರಲ್ಲಿ ಹುಡುಕಬೇಕಾದ ವರ್ಷ, ಯಾರಿಗಾಗಿ. ಸುರುಳಿ ಸಂಖ್ಯೆ ಒಂದೇ ಬರೆದುಕೊಂಡು ಹೋದರೆ ಸಾಲದು. ಒಂದೇ ಸುರುಳಿಯಲ್ಲಿ ಮೂರು ನಾಲ್ಕು ಪುಸ್ತಕ ಇರುತ್ತವೆ, ನಿಮಗೆ ಬೇಕಾದದ್ದು ಮೂರನೆಯದಾಗಿದ್ದರೆ ಚಿತ್ರ 800ರ ಆಚೆ ಎಲ್ಲೋ ಇರುತ್ತದೆ. ‘ಐಟಂ 3’ ಅಂತ ಕ್ಯಾಟಲಾಗ್ ಹೇಳಿರುತ್ತದೆ, ಅದನ್ನೂ ಬರೆದುಕೊಳ್ಳಿ. ಬೆಂಗಳೂರಿನಿಂದ ಬರುವವರು ಹತ್ತಿರದಲ್ಲಿ ಕೇಂದ್ರ ಇದೆಯೇ ಅಂತ ಫ್ಯಾಮಿಲಿಸರ್ಚ್ ತಾಣದ ನಕ್ಷೆಯಲ್ಲಿ ಒಮ್ಮೆ ನೋಡಿಬಿಡಿ. ಆಟೋದಲ್ಲಿ ಆಗುವ ಕೆಲಸಕ್ಕೆ ವಿಮಾನ ಯಾಕೆ.

ಪೆನ್‌ಡ್ರೈವ್ ತನ್ನಿ. ಸ್ಕ್ಯಾನರ್ ಉಚಿತ. ಕಾಗದಪತ್ರಕ್ಕೆ 300 ಡಿಪಿಐ ಸಾಕು, ಪಾಸ್‌ಪೋರ್ಟ್ ಅಳತೆಯ ಹಳೇ ಫೋಟೋಗಳಿಗೆ 600 ಇಡಿ.

ಹಳೇಕಡತ

ಮೂರನೆಯ ಪ್ರಶ್ನೆ ನನಗೆ ಬಿಡಿ. ಉತ್ತರ ನಿಮ್ಮ ಮನೆತನ ಯಾವುದು ಅನ್ನುವುದರ ಮೇಲಿದೆ.

ಬೆಂಗಳೂರು ಕಂಟೋನ್ಮೆಂಟ್ (1809ರಿಂದ), ಕೋಲಾರದ ಚಿನ್ನದ ಗಣಿ, ರೈಲ್ವೆ, ಬ್ರಿಟಿಷ್ ಪಲ್ಟನ್ನು, ಕೊಡಗಿನ ಕಾಫಿ ತೋಟದ ದೊರೆಗಳು, ಆಂಗ್ಲೋ ಇಂಡಿಯನ್ ಮನೆಗಳು, ಪ್ರೊಟೆಸ್ಟೆಂಟ್ ಕುಟುಂಬಗಳು: ಇವರಿಗೆ ಬೇಕಾದಷ್ಟಿದೆ. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ನಕಲು ಪ್ರೆಸಿಡೆನ್ಸಿ (ಮದ್ರಾಸ್, ಬೊಂಬಾಯಿಯಂಥ ಬ್ರಿಟಿಷ್ ಪ್ರಾಂತ್ಯ) ಕೇಂದ್ರಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಇವತ್ತು ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬೊಂಬಾಯಿ ಅನ್ನುವ ಸರಣಿಗಳಲ್ಲಿವೆ, ಫ್ಯಾಮಿಲಿಸರ್ಚಿನ ಸುರುಳಿಗಳಲ್ಲಿರುವುದು ಅವುಗಳ ಚಿತ್ರ.

ನಮ್ಮವರು ತಪ್ಪುವುದು ಇಲ್ಲೇ: ಇವತ್ತಿನ ಕರ್ನಾಟಕ ಅಂತ ಒಂದೇ ಕಡೆ ಹುಡುಕುತ್ತಾರೆ. ಬೆಂಗಳೂರು, ಮೈಸೂರು, ಬಳ್ಳಾರಿ, ಮಂಗಳೂರು ಮದ್ರಾಸಿನ ಲೆಕ್ಕಕ್ಕೆ. ಬೆಳಗಾವಿ, ಧಾರವಾಡ ಬೊಂಬಾಯಿ ಲೆಕ್ಕಕ್ಕೆ. ಕಾರವಾರ ಕಡೆಯದು 1862ರವರೆಗೆ ಮದ್ರಾಸ್, ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದ ಮೇಲೆ ಬೊಂಬಾಯಿ. 1855ರ ಮದುವೆಯನ್ನು ಬೊಂಬಾಯಿ ಸರಣಿಯಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಮದುವೆಯೇ ಆಗಿರಲಿಲ್ಲ ಅಂತಲ್ಲ.

ಊರಿನ ಹೆಸರಿನ ಕಾಟ ಇನ್ನೊಂದು. ಪುಸ್ತಕದಲ್ಲಿ ‘ಕ್ಲೋಸ್‌ಪೇಟ್’ ಅಂತ ಇದ್ದರೆ ರಾಮನಗರ. ‘ಫ್ರೆಂಚ್ ರಾಕ್ಸ್’ ಅಂದರೆ ಪಾಂಡವಪುರ. ‘ಮರ್ಕೆರಾ’ ಮಡಿಕೇರಿ, ‘ಸೆರಿಂಗಪಟಮ್’ ಶ್ರೀರಂಗಪಟ್ಟಣ. ಇಂಗ್ಲಿಷಿನಲ್ಲಿ ಪಾಂಡವಪುರ ಅಂತ ಟೈಪ್ ಮಾಡಿ ಕಾದರೆ ಪ್ರಳಯದವರೆಗೂ ಏನೂ ಬರುವುದಿಲ್ಲ. ಒಂದೊಂದು ಊರಿಗೂ ಹಳೇ ಕಾಗುಣಿತಗಳ ಒಂದು ಚೀಟಿ ಮಾಡಿಟ್ಟುಕೊಳ್ಳಿ.

ಇನ್ನೊಂದು. ಲಂಡನ್ನಿನಲ್ಲಿರುವುದು ನಕಲು. ನಕಲು ಮಾಡಿದ ಗುಮಾಸ್ತ ಒಂದು ಸಾಲು ಹಾರಿಸಿದ್ದರೆ ಮೇಲಿನವನ ಮಗು ಕೆಳಗಿನವನ ಹೆಸರಿಗೆ ಹೋಗಿರುತ್ತದೆ. ಮೂಲ ಪುಸ್ತಕ ಊರಿನ ಚರ್ಚಿನಲ್ಲೇ ಉಳಿದಿರಬಹುದು. ಅನುಮಾನ ಬಂದರೆ ಅಲ್ಲಿಗೇ ಹೋಗಿ.

ಬಾಸೆಲ್ ಮಿಷನ್ ಕುಟುಂಬದವರು, ಅಂದರೆ 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ಜೊತೆ ನಂಟಿದ್ದವರು, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿರುವ ದಾಖಲಾಗಾರ ನೋಡಬೇಕು. ಸಾಲ್ಟ್ ಲೇಕ್ ಅದಕ್ಕೆ ದಾರಿಯಲ್ಲ.

ಹಿಂದೂ ಕುಟುಂಬಗಳಿಗೆ ಫ್ಯಾಮಿಲಿಸರ್ಚಿನಲ್ಲಿ ಇರುವ ದೊಡ್ಡ ಸಂಗ್ರಹ ಅಂದರೆ ಹರಿದ್ವಾರದ ಪಂಡಾಗಳ ವಹಿ ಪುಸ್ತಕಗಳ ಚಿತ್ರಗಳು. ಅವು ಊರು, ಜಾತಿ ಪ್ರಕಾರ ಜೋಡಿಸಿರುವಂಥವು, ಹೆಸರು ಹೊಡೆದರೆ ಬರುವಂಥವಲ್ಲ. ಹೆಚ್ಚಿನವು ಉತ್ತರದವರದ್ದು.

ಧಾರವಾಡಪೇಡೆ

ಹಳೇಕಡತ ಸರ್ ಹೇಳಿದ್ದಕ್ಕ ಒಂದು ಮಾತು ಸೇರಸ್ತೀನ್ರಿ. ನಮ್ಮ ಕಡೆ ಮಂದಿ ಸಾಲ್ಟ್ ಲೇಕಿಗೆ ಹೋಗೂ ಮುಂಚೆ ಹೆಳವರನ್ನ ಕೇಳ್ರಿ. ಸುಗ್ಗಿ ಮುಗದ ಮ್ಯಾಲೆ ಎತ್ತಿನ ಜೋಡಿ ಊರಿಗೆ ಬರ್ತಾರಲ್ಲ, ಮನೆತನದ ಹೆಸರು ಹಿಡದು ತಲಿತಲಿಯಿಂದ ಹೇಳ್ತಾರಲ್ಲ, ಅವ್ರು. ಅವರ ಪುಸ್ತಕದಾಗ ಇರೂದು ಯಾವ ಸರ್ವರ್‌ನಾಗೂ ಇಲ್ಲ. ಮೊಬೈಲಿನ್ಯಾಗ ರೆಕಾರ್ಡ್ ಮಾಡೂ ಮುಂಚೆ ಕೇಳ್ರಿ, ಕಾಳು-ಕಡಿ ದುಡ್ಡು ಕೊಡೂದು ಪದ್ಧತಿ ಅದ, ಅದನ್ನ ತಪ್ಪಸಬ್ಯಾಡ್ರಿ. ಅವ್ರು ಹೇಳೂವಾಗ ನಡುವ ಬಾಯಿ ಹಾಕಬ್ಯಾಡ್ರಿ, ಧಾಟಿ ತಪ್ಪಿದ್ರ ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ.

ಈಗ ವಾಲಂಟಿಯರ್ ವಿಷಯ. ದೊಡ್ಡ ಸಮ್ಮೇಳನದಾಗ ಕೆಲಸ ಮೂರು ಥರ ಇರ್ತಾವ. ನೋಂದಣಿ ಕೌಂಟರ್, ದಾರಿ ತೋರಿಸೂದು, ಗೋಷ್ಠಿ ಕೋಣಿ ಕಾಯೂದು. ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನದಾಗ ಊಟದ ಸಾಲು ಸಂಭಾಳಿಸಿದವ್ರಿಗೆ ಮೊದಲಿನ ಎರಡು ಹೊಸದಲ್ಲ. ಕೋಣಿ ಕಾಯೂದು ಬ್ಯಾರೇನ ಅದ.

ಗೋಷ್ಠಿ ಶುರು ಆಗೂದಕ್ಕ ಅರ್ಧ ತಾಸು ಮುಂಚೆ ಹೋಗ್ರಿ. ಮೊದಲು ಭಾಷಣಕಾರರನ್ನ ಒಂದ ಪ್ರಶ್ನೆ ಕೇಳ್ರಿ: ಪ್ರಶ್ನೋತ್ತರ ಕಡೀಗೇ ಏನು, ನಡುವನೂ ಏನು? ಅದರ ಮ್ಯಾಲೆ ನಿಮ್ಮ ಕೈಯಾಗಿನ ಮೈಕು ಎಲ್ಲಿ ನಿಲ್ಲಬೇಕು ಅನ್ನೂದು ತೀರ್ಮಾನ ಆಗ್ತದ. ಅವರ ಲ್ಯಾಪ್‌ಟಾಪ್ ವೈರು ಮುಟ್ಟಬ್ಯಾಡ್ರಿ. ತೆರಿ ಮ್ಯಾಲೆ ಚಿತ್ರ ಬರ್ಲಿಲ್ಲ ಅಂದ್ರ ತಂತ್ರಜ್ಞರನ್ನ ಕರೀರಿ, ನೀವು ಎಳದು ಹಚ್ಚೋಕ ಹೋದ್ರ ರೆಕಾರ್ಡಿಂಗ್ ಕಟ್ ಆಗ್ತದ. ಕಾಲರ್ ಮೈಕು ಕೊರಳಾಗಿನ ಸರ, ಬ್ಯಾಡ್ಜಿನ ದಾರಕ್ಕ ತಾಗದಂಗ ಹಚ್ಚಿದಾರೇನ ಅನ್ನೂದಷ್ಟ ನೋಡ್ರಿ. ಕರಕರ ಸಪ್ಪಳ ಬರೂದು ಬಹುತೇಕ ಅದರಿಂದನ.

ಆಮೇಲೆ ಮಂದಿ. ಎಲ್ಲಾರೂ ಬಾಗಿಲ ಹತ್ರದ ಕುರ್ಚಿಗೇ ಕೂಡ್ತಾರ, ಹಿಂದ ಬಂದವ್ರು ಬಾಗಲ್ದಾಗ ನಿಲ್ತಾರ, ನಡುವ 40 ಕುರ್ಚಿ ಖಾಲಿ. ‘ನಿಮ್ಮ ಪಕ್ಕ ಖಾಲಿ ಕುರ್ಚಿ ಇದ್ರ ಕೈ ಎತ್ತ್ರಿ’ ಅಂತ ಹೇಳ್ರಿ. ಎತ್ತಿದ ಕೈ ಎಣಿಸಿ ಅಷ್ಟ ಮಂದೀನ ಒಳಗ ಬಿಡ್ರಿ. ಚೀಲ ಇಟ್ಟು ಕುರ್ಚಿ ಹಿಡದವ್ರಿಗೆ ಗೋಷ್ಠಿ ಶುರು ಆದ ಮ್ಯಾಲೆ ಹಕ್ಕಿಲ್ಲ, ಅದನ್ನ ನಗುತ್ತ ಹೇಳ್ರಿ ಆದ್ರ ಹೇಳ್ರಿ. ಕೋಣಿ ತುಂಬಿದ ಮ್ಯಾಲೆ ಗ್ವಾಡಿಗೆ ಒರಗಿ ನಿಲ್ಲೂದು, ನೆಲದ ಮ್ಯಾಲೆ ಕೂಡೂದು ಬಿಡಬ್ಯಾಡ್ರಿ. ಅಲ್ಲಿ ಅಗ್ನಿಶಾಮಕ ನಿಯಮ ಭಾಳ ಕಟ್ಟುನಿಟ್ಟು, ಒಬ್ಬ ಇನ್ಸ್‌ಪೆಕ್ಟರ್ ಬಂದ್ರ ಗೋಷ್ಠೀನ ನಿಲ್ಲಸ್ತಾರ.

ತಲಿ ಎಣಿಸೂದು ಶುರು ಆಗಿ 15 ನಿಮಿಷ ಆದ ಮ್ಯಾಲೆ. ಮೊದಲ ಎಣಿಸಿದ್ರ ತಡವಾಗಿ ಬಂದವ್ರು ಬಿಡ್ತಾರ, ಕಡೀಗೆ ಎಣಿಸಿದ್ರ ಎದ್ದು ಹ್ವಾದವ್ರು ಬಿಡ್ತಾರ. ಮುಂದಿನ ಸಾಲಿನ ಕಡೀ ಕುರ್ಚಿನ್ಯಾಗ ಕೂತು 10, 5, 0 ಅಂತ ದೊಡ್ಡ ಅಂಕಿ ಬರದ ಚೀಟಿ ತೋರಸ್ರಿ. ಸೊನ್ನಿ ತೋರಿಸಿದ ಮ್ಯಾಲೂ ನಿಲ್ಲಸದ ಭಾಷಣಕಾರರು ಇರ್ತಾರ. ಎದ್ದು ನಿಂತು ಚಪ್ಪಾಳೆ ಹೊಡೀರಿ, ಸಭಾನೂ ಹೊಡೀತದ, ತಾನಾಗೇ ಮುಗೀತದ.

ಬೇರುಹುಡುಕಿ

ಚಪ್ಪಾಳೆ ಉಪಾಯ ನಮ್ಮೂರ ಸಾಹಿತ್ಯ ಸಮ್ಮೇಳನಕ್ಕೂ ಬೇಕಿತ್ತು.

ಅಂದರೆ ಕೋಣೆ ಕಾಯುವವರಿಗೆ ಗೋಷ್ಠಿ ಕೇಳಲು ಸಿಗುತ್ತದೆ?

ಧಾರವಾಡಪೇಡೆ

ಕಿವಿಗೆ ಬೀಳ್ತದ, ತಲಿಗೆ ಹೋಗೂದು ಅರ್ಧ. ಟಿಪ್ಪಣಿ ಬರೀಲಿಕ್ಕಾಗೂದಿಲ್ಲ. ಆದ್ರ ಗೋಷ್ಠಿ ಮುಗದ ಮ್ಯಾಲೆ ಭಾಷಣಕಾರರು ವೈರು ಸುತ್ತೂ ಹೊತ್ತಿನ್ಯಾಗ ಐದು ನಿಮಿಷ ನೀವೂ ಅವ್ರೂ ಇಬ್ರ ಇರ್ತೀರಿ. ನಿಮ್ಮ ಒಂದು ಪ್ರಶ್ನೆ ಆವಾಗ ಕೇಳ್ರಿ. ಸಾಲಿನ್ಯಾಗ ನಿಂತ 30 ಮಂದಿಗೆ ಸಿಗದ ಉತ್ತರ ಸಿಗ್ತದ.

ಉಪ್ಪಿನಕೆರೆ

ಇದಕ್ಕೆ ನನ್ನ ಸಹಮತ ಇಲ್ಲ ಪೇಡೆಯವರೇ. ನಿಮಗೆ ಬೇಕಾದ ಗೋಷ್ಠಿಯ ಕೋಣೆಯೇ ನಿಮಗೆ ಸಿಗುತ್ತದೆ ಅನ್ನುವ ಖಾತ್ರಿ ಏನು? ಜರ್ಮನ್ ಗೋಥಿಕ್ ಲಿಪಿ ಓದುವ ಪಾಠದ ಕೋಣೆ ಕಾದು ನಮ್ಮವರಿಗೆ ಆಗುವುದೇನು? ಪಾಳಿ ಆರಿಸಿಕೊಳ್ಳುವ ಅವಕಾಶ ಇದ್ದರೆ ನೋಂದಣಿ ಕೌಂಟರ್ ಕೇಳಿ, ಅದೂ ಗುರುವಾರ ಬೆಳಗಿನ ಪಾಳಿ. ಒತ್ತಡ ಹೆಚ್ಚು, ಆದರೆ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆ ಹೊತ್ತಿನ ಉದ್ಘಾಟನಾ ಭಾಷಣ ಹೇಗೂ ಆನ್‌ಲೈನ್ ಇರುತ್ತದೆ. ಆಮೇಲೆ ಎರಡೂವರೆ ದಿನ ನಿಮ್ಮದೇ.

ಧಾರವಾಡಪೇಡೆ

ಅದೂ ಖರೇ. ಪಾಳಿ ಬೆಳಿಗ್ಗೆ ಹಚ್ಚಿಸಿಕೊಂಡವ್ರು ಜಾಣರು. ಯಾವದ ಪಾಳಿ ಆಗ್ಲಿ, ಒಂದಕ್ಕೊಂದು ತಾಗಿಸಿ ಎರಡು ತಗೋಬ್ಯಾಡ್ರಿ. ನಡುವ ಊಟಕ್ಕ ಟೈಮ್ ಇರೂದಿಲ್ಲ. ಕಾಂಕ್ರೀಟ್ ನೆಲದ ಮ್ಯಾಲೆ ಹಾಸಿದ ತೆಳು ಕಾರ್ಪೆಟ್ಟಿನ್ಯಾಗ ಎಂಟು ತಾಸು ನಿಂತ್ರ ಮರುದಿನ ಹಿಮ್ಮಡಿ ನೆಲಕ್ಕ ತಾಗೂದಿಲ್ಲ. ಹೊಸ ಬೂಟು ಬ್ಯಾಡ, ಸವದ ಬೂಟ ಬೇಕು.

ವೀಸಾಪುರಾಣ

ಯಾರೂ ಇದನ್ನು ಎತ್ತಿಲ್ಲ, ನಾನೇ ಎತ್ತುತ್ತೇನೆ. ಸಮ್ಮೇಳನ ನೋಡಲು ಭಾರತದಿಂದ ಬಿ1/ಬಿ2 ವೀಸಾದಲ್ಲಿ ಬರುವುದಕ್ಕೆ ತೊಂದರೆ ಇಲ್ಲ. ವಾಲಂಟಿಯರ್ ಆಗುವಾಗ ಮಾತ್ರ ಎಚ್ಚರ. ಕೆಲಸಕ್ಕೆ ಪ್ರತಿಯಾಗಿ ಪಾಸ್, ಊಟ, ಟೀ ಶರ್ಟ್ ಏನಾದರೂ ಕೊಡುವ ವ್ಯವಸ್ಥೆ ಇದ್ದರೆ ಅದು ಸಂಭಾವನೆ ಆಗುತ್ತದೆಯೇ ಅನ್ನುವ ಪ್ರಶ್ನೆ ಏಳುತ್ತದೆ. ಎಫ್-1 ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ, ಎಚ್-1ಬಿ (ಉದ್ಯೋಗ) ಮತ್ತು ಎಚ್-4 (ಅವರ ಸಂಗಾತಿ, ಮಕ್ಕಳು) ವೀಸಾ ಇರುವವರು ವಕೀಲರಿಗೆ ಇಮೇಲಿನಲ್ಲಿ ಕೇಳಿ ಲಿಖಿತ ಉತ್ತರ ಇಟ್ಟುಕೊಳ್ಳಿ. ಹಸಿರು ಕಾರ್ಡಿನವರಿಗೆ ಈ ತಲೆನೋವು ಇಲ್ಲ. ಸುರಕ್ಷಿತ ದಾರಿ: ಪಾಸ್ ನೀವೇ ಕೊಂಡುಕೊಳ್ಳಿ, ಸೇವೆ ಪೂರ್ತಿ ಬಿಟ್ಟಿ ಮಾಡಿ, ಆಗಲೂ ಒಮ್ಮೆ ಕೇಳಿ.

ಬ್ಯಾಡ್ಜಿನ ಹೆಸರು ಇನ್ನೊಂದು ಗೋಳು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಅಥವಾ ಒಂದೇ ಹೆಸರು. ಅಂಥವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಅಂತ ಬರುತ್ತದೆ, ಮೊದಲ ಹೆಸರು ತಿಳಿದಿಲ್ಲ ಅಂತ ಅರ್ಥ. ನೋಂದಣಿ ನಮೂನೆಯಲ್ಲಿ ಇನಿಷಿಯಲ್ ಬಿಡಿಸಿ ತುಂಬಿ, ಕೌಂಟರಿನಲ್ಲಿ ಬೇರೆ ಗುರುತುಚೀಟಿ ತೋರಿಸಿದರೆ ಹುಡುಕಲು ಆಗುವುದಿಲ್ಲ. ನೋಂದಣಿಯಲ್ಲಿ ಹೇಗೆ ತುಂಬಿದಿರೋ ಅದರ ಇಮೇಲ್, ಕೋಡ್ ಇರುವ ಪುಟ ಫೋನಿನಲ್ಲಿ ತೆರೆದಿಟ್ಟುಕೊಂಡೇ ಸರದಿಗೆ ನಿಲ್ಲಿ.

ಕಡಲತಡಿ

ಸರ್‌ನೇಮ್ ಅಂತ ಬಂತು, ನಾನೂ ಸೇರುತ್ತೇನೆ. ವಸ್ತುಪ್ರದರ್ಶನದಲ್ಲಿ ಪ್ರತಿ ಮಳಿಗೆಯವರೂ ನಿಮ್ಮ ವಂಶವೃಕ್ಷದ ಫೈಲ್ ಕೇಳುತ್ತಾರೆ. ಅದರ ಮಾದರಿ ಜೆಡ್‌ಕಾಮ್. ಕನ್ನಡ ಲಿಪಿಯಲ್ಲಿ ಹೆಸರು ಇಟ್ಟವರು ಅಲ್ಲಿ ಹೋಗಿ ತೆರೆದಾಗ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ! ಕಾರಣ ಅಕ್ಷರ ಸಂಕೇತ. ಹಳೇ ತಂತ್ರಾಂಶಗಳು ಆನ್ಸೆಲ್ ಅಥವಾ ಆನ್ಸಿಯಲ್ಲಿ ಫೈಲ್ ಹೊರಗೆ ಹಾಕುತ್ತವೆ. ಅವುಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮಾಡಬೇಕಾದ್ದು: ಫೈಲ್ ಹೊರಗೆ ಹಾಕುವಾಗ ಯುಟಿಎಫ್-8 (ಕನ್ನಡಕ್ಕೂ ಜಾಗ ಇರುವ ಸಂಕೇತ) ಆಯ್ಕೆ ಮಾಡಿ. ಆಮೇಲೆ ನೋಟ್‌ಪ್ಯಾಡಿನಲ್ಲಿ ತೆರೆದು ಕನ್ನಡ ಸರಿಯಾಗಿ ಕಾಣುತ್ತಿದೆಯೇ ನೋಡಿ. ಅಲ್ಲೇ ಪ್ರಶ್ನಾರ್ಥಕ ಕಂಡರೆ ಆ ಫೈಲ್ ಹೋಯಿತು ಅಂತಲೇ ಲೆಕ್ಕ, ಅಕ್ಷರ ವಾಪಸ್ಸು ಬರುವುದಿಲ್ಲ, ಮೂಲದಿಂದ ಮತ್ತೆ ತೆಗೆಯಬೇಕು. 2021ರಲ್ಲಿ ಬಂದ ಜೆಡ್‌ಕಾಮ್ 7ರಲ್ಲಿ ಯುಟಿಎಫ್-8 ಬಿಟ್ಟು ಬೇರೆ ದಾರಿಯೇ ಇಲ್ಲ. ಆದರೆ ಮಳಿಗೆಯವರೆಲ್ಲ ಅದನ್ನು ಓದುತ್ತಾರೆ ಅಂತಲ್ಲ. ಹಳೇ ಆವೃತ್ತಿ 5.5.1ರದ್ದೂ ಒಂದು ಪ್ರತಿ ಇಟ್ಟುಕೊಳ್ಳಿ.

ಜೆಡ್‌ಕಾಮ್‌ನಲ್ಲಿ ಕುಲನಾಮವನ್ನು ಎರಡು ಓರೆಗೆರೆ ನಡುವೆ ಬರೆಯುತ್ತಾರೆ. ಅಳಿಯಸಂತಾನದ ಮನೆಗಳ ಸಂಕಟ ಇಲ್ಲಿದೆ. ತಂತ್ರಾಂಶ ಮಗುವಿಗೆ ತಂದೆಯ ಕುಲನಾಮವನ್ನು ತಾನೇ ತುಂಬುತ್ತದೆ. ನಮ್ಮಲ್ಲಿ ಬರಿ, ಬಳಿ (ವಂಶದ ಹೆಸರು) ತಾಯಿಯಿಂದ, ಆಸ್ತಿ ಸೋದರಮಾವನಿಂದ ಅಳಿಯನಿಗೆ. ಆ ಸ್ವಯಂ ತುಂಬುವ ಆಯ್ಕೆಯನ್ನು ಮೊದಲ ದಿನವೇ ಆರಿಸಿಬಿಡಿ, ಬರಿಯನ್ನು ಕುಲನಾಮದ ಜಾಗದಲ್ಲಿ ಹಾಕದೆ ಬೇರೆ ವಿವರವಾಗಿ ಹಾಕಿ. 200 ಜನ ತುಂಬಿದ ಮೇಲೆ ತಿದ್ದುವುದು ನರಕ. ಇನಿಷಿಯಲ್‌ಗಳನ್ನೂ ಬಿಡಿಸಿ ಬರೆಯಿರಿ: ಮೊದಲ ಅಕ್ಷರ ಊರು, ಎರಡನೆಯದು ತಂದೆ ಅನ್ನುವುದು ಮೂರು ತಲೆ ಕಳೆದರೆ ಯಾರಿಗೂ ನೆನಪಿರುವುದಿಲ್ಲ.

ಉಪ್ಪಿನಕೆರೆ

‘ಆರಿಸಿಬಿಡಿ’ ಅಂದರೆ ಆಫ್ ಮಾಡಿ ಅಂತ ತಾನೆ? ಆಯ್ಕೆ ಮಾಡಿ ಅಂತ ಓದಿಕೊಂಡು ಯಾರಾದರೂ ಎಡವಟ್ಟು ಮಾಡಿಕೊಂಡಾರು.

ಕಡಲತಡಿ

ಹೌದೌದು, ಆಫ್ ಮಾಡಿ. ದೀಪ ಆರಿಸಿದ ಹಾಗೆ.

ಜೀನ್‌ಗೀನ್

ಮಳಿಗೆ ಅಂದರೆ ಡಿಎನ್‌ಎ ಕಿಟ್ಟಿನ ಮಳಿಗೆಗಳೂ ಇರುತ್ತವೆ, ರಿಯಾಯಿತಿ ದರ ಇರುತ್ತದೆ, ಜನ ಐದೈದು ಕೊಳ್ಳುತ್ತಾರೆ. ನಮ್ಮವರು ಕೊಳ್ಳುವ ಮೊದಲು ಒಂದು ಲೆಕ್ಕ ತಿಳಿದುಕೊಳ್ಳಿ.

ಸೋದರ ಸಂಬಂಧಿಗಳು (ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಮಕ್ಕಳು) ಸರಾಸರಿ ಶೇ 12.5ರಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ. ಈ ಕಂಪನಿಗಳ ಅಂದಾಜು ಯಂತ್ರಗಳು ಗಂಡ ಹೆಂಡತಿ ಬೇರೆ ಬೇರೆ ರಕ್ತ ಅನ್ನುವ ಊಹೆ ಮೇಲೆ ನಿಂತಿವೆ. ನಮ್ಮಲ್ಲಿ ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವುದುಂಟು, ಅತ್ತೆಯ ಮಗ, ಮಾವನ ಮಗಳು ಅಂತೂ ಮಾಮೂಲು. ಸೋದರಮಾವ-ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿನ ಅಂತಃಪ್ರಜನನ ಗುಣಾಂಕ (ತಂದೆ ತಾಯಿಯ ರಕ್ತಸಂಬಂಧದ ಅಳತೆ) 1/8, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ 1/16. ಇಂಥದ್ದು ನಾಲ್ಕು ತಲೆ ನಡೆದಿದ್ದರೆ ದೂರದ ನೆಂಟ ಹತ್ತಿರದವನ ಹಾಗೆ ಕಾಣುತ್ತಾನೆ. ‘ಎರಡನೇ ಕಸಿನ್’ (ಮುತ್ತಜ್ಜ ಮುತ್ತಜ್ಜಿ ಒಂದೇ ಆಗಿರುವವರು) ಅಂತ ಯಂತ್ರ ಹೇಳಿದವರು ನಿಜವಾಗಿ ನಾಲ್ಕು ಕಡೆಯಿಂದ ದೂರದ ನೆಂಟರು.

ಅದಕ್ಕೇ ಹಂಚಿಕೊಂಡ ಡಿಎನ್‌ಎಯ ಒಟ್ಟು ಮೊತ್ತ ನೋಡಬೇಡಿ. ಅತಿ ಉದ್ದದ ಒಂದು ತುಂಡು ಎಷ್ಟಿದೆ ನೋಡಿ. ಒಟ್ಟು 150 ಸೆಂಟಿಮಾರ್ಗನ್ (ಡಿಎನ್‌ಎ ತುಂಡಿನ ಉದ್ದದ ಅಳತೆ) ಇದ್ದು, ಅದೆಲ್ಲ 8, 9, 10ರ ಸಣ್ಣ ಚೂರುಗಳಾಗಿದ್ದರೆ ಅದು ಸಮುದಾಯದ ಹಳೇ ಒಳಮದುವೆಗಳ ಸದ್ದು. ಒಂದೇ ತುಂಡು 60 ಇದ್ದರೆ ಹುಡುಕಬಹುದಾದ ಅಜ್ಜ ಇದ್ದಾನೆ. ಮಳಿಗೆಯಲ್ಲಿ ನಿಂತವರನ್ನು ‘ಸಮುದಾಯದೊಳಗಿನ ಮದುವೆಯ ಲೆಕ್ಕ ಹೇಗೆ ಮಾಡುತ್ತೀರಿ, ಅತಿ ಉದ್ದದ ತುಂಡು ತೋರಿಸುತ್ತೀರಾ’ ಅಂತ ಕೇಳಿ. ಉತ್ತರ ತಡವರಿಸಿದರೆ ಪರ್ಸ್ ಒಳಗೆ ಇಡಿ.

ಚಂದಾ ರಿಯಾಯಿತಿಯಲ್ಲೂ ಹುಷಾರು. ಮೊದಲ ವರ್ಷ ಅರ್ಧ ಬೆಲೆ, ಮರುವರ್ಷ ಪೂರ್ತಿ ಬೆಲೆಗೆ ಕಾರ್ಡಿನಿಂದ ತಾನೇ ಎಳೆದುಕೊಳ್ಳುವಂಥವು ಹೆಚ್ಚು. ಅಲ್ಲೇ ನಿಂತು ಸ್ವಯಂ ನವೀಕರಣ ತೆಗೆಸಿ.

ಬೇರುಹುಡುಕಿ

ಎಲ್ಲರಿಗೂ ಧನ್ಯವಾದ. ಇನ್ನೆರಡು. ಆ ‘ರಿಲೇಟಿವ್ಸ್ ಅಟ್ ರೂಟ್ಸ್‌ಟೆಕ್’ ಆ್ಯಪಿನಲ್ಲಿ ಎಲ್ಲರೂ ಸಾವಿರಾರು ಕಸಿನ್‌ಗಳನ್ನು ತೋರಿಸಿಕೊಳ್ಳುತ್ತಾರೆ, ನಮ್ಮವರಿಗೆ ಸೊನ್ನೆ ಬರುತ್ತದೆ. ಯಾಕೆ? ಮತ್ತೆ, ಫ್ಯಾಮಿಲಿಸರ್ಚ್ ಚರ್ಚಿನದು ಅಂತಾರಲ್ಲ, ಅಲ್ಲಿ ಅಜ್ಜ ಅಜ್ಜಿಯರ ಹೆಸರು ಹಾಕಬಹುದೇ?

ಹಳೇಕಡತ

ಆ ಆ್ಯಪ್ ಡಿಎನ್‌ಎ ನೋಡುವುದಿಲ್ಲ. ಎಲ್ಲರೂ ಸೇರಿ ಕಟ್ಟುವ ಒಂದೇ ದೊಡ್ಡ ವೃಕ್ಷದಲ್ಲಿ ನಿಮ್ಮ ಕೊಂಬೆ ಇನ್ನೊಬ್ಬರ ಕೊಂಬೆಗೆ ಎಲ್ಲಿ ಕೂಡುತ್ತದೆ ಅಂತ ಹುಡುಕುತ್ತದೆ. ಇಂಗ್ಲೆಂಡಿನವರ ಕೊಂಬೆ 1600ರವರೆಗೂ ಯಾರೋ ತುಂಬಿದ್ದಾರೆ. ನಮ್ಮದನ್ನು ಯಾರೂ ತುಂಬಿಲ್ಲ, ಸೊನ್ನೆ. ಮುತ್ತಜ್ಜನವರೆಗೆ ನೀವು ತುಂಬಿದರೂ ಆ ಕಡೆಯಿಂದ ಇನ್ನೊಬ್ಬರು ತುಂಬದೆ ಕೂಡುವುದಿಲ್ಲ.

ಎರಡನೆಯದಕ್ಕೆ ನೇರವಾಗಿ ಹೇಳುತ್ತೇನೆ. ಫ್ಯಾಮಿಲಿಸರ್ಚ್ ನಡೆಯುವುದು ಮಾರ್ಮನ್ನರೆಂದು ಜನ ಕರೆಯುವ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನ ಹಣದಿಂದ. ತೀರಿಹೋದ ಪೂರ್ವಜರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡುವುದು ಅವರ ನಂಬಿಕೆ, ದಾಖಲೆ ಕೂಡಿಡುವ ಉತ್ಸಾಹದ ಮೂಲವೂ ಅದೇ. ತಮ್ಮ ಸ್ವಂತ ಪೂರ್ವಜರಿಗೆ ಮಾತ್ರ ಮಾಡಬೇಕು ಅನ್ನುವುದು ಅವರ ನಿಯಮ. ಲೈಬ್ರರಿಯಲ್ಲಾಗಲಿ ಸಮ್ಮೇಳನದಲ್ಲಾಗಲಿ ಧರ್ಮ ಯಾವುದೆಂಬ ಕಟ್ಟುಪಾಡಿಲ್ಲ. ಬದುಕಿರುವವರ ವಿವರ ಬೇರೆಯವರಿಗೆ ಕಾಣುವುದಿಲ್ಲ. ಸಾವಿನ ವಿವರ ಇಲ್ಲದೆ, ಹುಟ್ಟಿ 110 ವರ್ಷ ಆಗಿರದಿದ್ದರೆ ಬದುಕಿದ್ದಾರೆ ಅಂತಲೇ ಲೆಕ್ಕ. ತೀರಿಹೋದವರ ಹೆಸರನ್ನು ಮಾತ್ರ ಯಾರು ಬೇಕಾದರೂ ನೋಡಬಹುದು, ತಿದ್ದಲೂಬಹುದು. ಅದು ಮನಸ್ಸಿಗೆ ಒಗ್ಗದವರು ಗ್ರ್ಯಾಂಪ್ಸ್ ಅನ್ನುವ ಉಚಿತ ತಂತ್ರಾಂಶ ಬಳಸಿ ವೃಕ್ಷವನ್ನು ಸ್ವಂತ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ. ಹುಡುಕುವುದಕ್ಕೆ ವೃಕ್ಷ ಹಾಕಲೇಬೇಕು ಅಂತಿಲ್ಲ, ಉಚಿತ ಖಾತೆ ಇದ್ದರೆ ಸಾಕು.

ಉಪ್ಪಿನಕೆರೆ

ಕೊನೆಗೆ ಊರಿನ ವಿಷಯ ಸ್ವಲ್ಪ. ವಿಮಾನ ನಿಲ್ದಾಣದಿಂದ ಟ್ರ್ಯಾಕ್ಸ್ ರೈಲಿನಲ್ಲಿ ಪೇಟೆಗೆ ಬರಬಹುದು, ಟ್ಯಾಕ್ಸಿ ಬೇಕಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ, ಗಾಳಿ ಒಣ. ತುಟಿ ಒಡೆಯುತ್ತದೆ, ನೀರಿನ ಬಾಟಲಿ ಬೇಕು. ಮಾರ್ಚ್ ಮೊದಲ ವಾರ ಒಂದು ದಿನ ಬಿಸಿಲು, ಮರುದಿನ ಹಿಮ.

‘ಎರಡೇ ಬ್ಲಾಕ್’ ಅಂತ ಯಾರಾದರೂ ಹೇಳಿದರೆ ನಂಬಿ ನಡೆಯಬೇಡಿ. ಅಲ್ಲಿ ಒಂದು ಬ್ಲಾಕ್ 660 ಅಡಿ, ರಸ್ತೆ ಅಗಲ 132 ಅಡಿ. ಸಭಾಂಗಣದಿಂದ ಲೈಬ್ರರಿ ಹತ್ತಿರವೇ, ಆದರೆ ಗೋಷ್ಠಿಗಳ ನಡುವಿನ ಬಿಡುವಿನಲ್ಲಿ ಹೋಗಿ ಬಂದುಬಿಡುತ್ತೇನೆ ಅನ್ನುವಷ್ಟಲ್ಲ. ಸಸ್ಯಾಹಾರಿಗಳು ಸಭಾಂಗಣದ ಒಳಗಿನ ತಿಂಡಿ ನಂಬದೆ ಅವಲಕ್ಕಿ, ಚಟ್ನಿಪುಡಿ, ಬಿಸಿನೀರಿನ ಫ್ಲಾಸ್ಕ್ ತನ್ನಿ. ಸಿಟಿ ಕ್ರೀಕ್ ಮಾಲ್ ಪಕ್ಕದಲ್ಲೇ ಇದೆ, ಅದೂ ಭಾನುವಾರ ಮುಚ್ಚಿರುತ್ತದೆ.

ಬೇರುಹುಡುಕಿ

ಮನೆಯಲ್ಲಿ ನೋಡುವವರಿಗೆ ಸಮಯ?

ಉಪ್ಪಿನಕೆರೆ

ಆ ವಾರ ಭಾರತ ಅಲ್ಲಿಗಿಂತ 12 ಗಂಟೆ 30 ನಿಮಿಷ ಮುಂದೆ. ಅಲ್ಲಿ ಬೆಳಿಗ್ಗೆ 8 ಅಂದರೆ ಇಲ್ಲಿ ರಾತ್ರಿ 8:30. ನೇರಪ್ರಸಾರ ನೋಡುವವರಿಗೆ ಊಟದ ಹೊತ್ತು, ಮಧ್ಯಾಹ್ನದ ಗೋಷ್ಠಿಗಳು ನಡುರಾತ್ರಿ ದಾಟಿದ ಮೇಲೆ.

ಅಲ್ಲಿಗೆ ಹೋಗುವವರಿಗೆ ಇನ್ನೊಂದು ಗಡಿಯಾರದ ಕಾಟ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. 2025ರಲ್ಲಿ ಅದು ಮಾರ್ಚ್ 9, ಅಂದರೆ ಸಮ್ಮೇಳನ ಮುಗಿದ ರಾತ್ರಿಯೇ. ಸಮ್ಮೇಳನ ಆ ವಾರಕ್ಕೆ ಬಿದ್ದ ವರ್ಷ ಭಾನುವಾರ ಬೆಳಗಿನ ವಿಮಾನ ಇರುವವರು ಹೋಟೆಲ್ ಕೋಣೆಯ ಮೇಜಿನ ಗಡಿಯಾರಕ್ಕೆ ಅಲಾರಂ ಇಡಬೇಡಿ. ಫೋನು ತಾನೇ ಬದಲಾಗುತ್ತದೆ, ಆ ಗಡಿಯಾರ ಬದಲಾಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಧಾರವಾಡಪೇಡೆ

ಶನಿವಾರ ಸಂಜಿ ಸಾಮಾನು ಕಟ್ಟೂ ಪಾಳಿ ತಗೊಂಡವ್ರಂತೂ ಭಾನುವಾರ ಮಧ್ಯಾಹ್ನದ ವಿಮಾನ ಹಿಡೀರಿ.